ಮಾವನ ಬಿಪಿ ಮಾತ್ರೆ

ಮಾವ ಆರ್ಮಿಯಿಂದ ರಿಟೈರ್ಡ್, ಅವರ ಬಿಪಿ ಮಾತ್ರೆ ತರ್ಲಿಕ್ಕೆ ಹೋಗೋದು ನಾನೇ. ಮಿಲಿಟರಿಯವ್ರಿಗೆ ಅವ್ರದ್ದೇ ಮೆಡಿಕಲ್ ಸ್ಟೋರ್ಸ್ ಡಿಪೋ ಉಂಟು, ಮಾಜಿ ಸೈನಿಕರಿಗೆ 2003ರಿಂದ ಇಸಿಎಚ್‌ಎಸ್ ಅಂತ ಆರೋಗ್ಯ ಯೋಜನೆ, ಸರ್ಕಾರಿ ಆಸ್ಪತ್ರೆಗೆ ಮದ್ದು ಖರೀದಿ ಮಾಡುವ ರಾಜ್ಯದ ಕಾರ್ಪೊರೇಷನ್ ಬೇರೆಯೇ ಟೆಂಡರ್ ಕರೀತದೆ, ಮಾತ್ರೆ ಮಾತ್ರ ಎಲ್ಲ ಕಡೆ ಅದೇ ಅಮ್ಲೋಡಿಪಿನ್ ಮಾರಾಯ್ರೆ! ಮಿಲಿಟರಿಯವ್ರು ಯುದ್ಧಕ್ಕಂತ ಇಟ್ಟ ಮದ್ದಿನ ರಿಸರ್ವ್ ಖಾಲಿ ಮಾಡ್ಲಿಕ್ಕಾಗುದಿಲ್ಲ, ಸರಿ, ಆದ್ರೆ ಸುಮ್ನೆ ಇಟ್ರೆ ಎಕ್ಸ್‌ಪೈರಿ ಆಗ್ತದಲ್ವಾ, ಡೇಟ್ ಹತ್ರ ಬರುವ ಮೊದ್ಲೇ ಹಳೇ ಬ್ಯಾಚ್ ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಂಥ ರಶ್ಶಿರುವ ಕಡೆಗೆ ಕಳ್ಸಿ ಡಿಪೋದಲ್ಲಿ ಹೊಸದು ತುಂಬಿಸಿದ್ರೆ ಎಂತ ಕಷ್ಟ? ಕಂಪ್ಯೂಟರಲ್ಲಿ ಇದರ ಮಾಡೆಲ್ ಮಾಡ್ಬಹುದು, ಎಷ್ಟು ಮಾತ್ರೆ ಖರ್ಚಾಗ್ತದೆ, ಆರ್ಡರ್ ಹಾಕಿದ್ರೆ ಬರ್ಲಿಕ್ಕೆ ಎಷ್ಟು ದಿನ ಅಂತ. ಮಾಡುವವ್ರು ಮಳೆಗಾಲಕ್ಕೆ ಶಿರಾಡಿ ಘಾಟ್ ಬಂದ್ ಆಗುದನ್ನೂ ಸೇರಿಸ್ಕೊಳ್ಳಿ ಆಯ್ತಾ 😄