ಪಟ್ಟಿಯ ಹಿಂದೆ ಬರೆದ ಲೆಕ್ಕ

ಇವತ್ತು ರಾಯಚೂರಿನ ಗಂಜ್‌ನಲ್ಲಿ ನಮ್ಮ ಹತ್ತಿ ಮಾರಾಟವಾಯ್ತು. ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬಂದ ಕೂಡಲೇ ಅಪ್ಪ ಪೆನ್ನು ಕೇಳಿದರು. ಅದರ ಹಿಂದೆ ಒಂದೇ ಅಂಕಿ ಬರೆದರು. ಬಂದ ಹಣದ ಹತ್ತನೇ ಒಂದು ಪಾಲು.

"ಇದು ಮೊದಲು ಬ್ಯಾಂಕಿಗೆ. ಗೊಬ್ಬರದ ಬಾಕಿ ಆಮೇಲೆ."

ಜಾರ್ಜ್ ಕ್ಲೇಸನ್ ಬರೆದ ಬ್ಯಾಬಿಲೋನಿನ ಶ್ರೀಮಂತನ ಕತೆಯನ್ನು ಹೋದ ವರ್ಷ ಅವರಿಗೆ ಓದಿ ಹೇಳಿದ್ದೆ. ಸುಮಾರು 100 ವರ್ಷ ಹಳೆಯ ಪುಸ್ತಕ. ದುಡಿದಿದ್ದರಲ್ಲಿ ಹತ್ತರಲ್ಲೊಂದು ಪಾಲು ಮೊದಲೇ ತೆಗೆದಿಡು ಅನ್ನುತ್ತೆ. ಸಣ್ಣ ಮಾತು, ಅಲ್ವಾ? ಅಪ್ಪನಿಗೆ ಅದೊಂದೇ ಹಿಡಿಸಿತ್ತು. ಉಳಿದ ಕತೆ ನೆನಪೇ ಇಲ್ಲ.

ಸಾಲ ಇನ್ನೂ ಇದೆ. ಆದರೆ ಈ ಸಲದ ಬೀಜ ಬಂದಿದ್ದು ಹೋದ ವರ್ಷ ತೆಗೆದಿಟ್ಟ ದುಡ್ಡಿನಿಂದಲೇ. ಯಾರ ಮನೆ ಬಾಗಿಲಲ್ಲೂ ಅಪ್ಪ ನಿಲ್ಲಲಿಲ್ಲ.

ಆ ಪಟ್ಟಿಯನ್ನು ಅವ್ವ ದೇವರ ಫೋಟೋ ಹಿಂದೆ ಜೋಪಾನವಾಗಿ ಇಟ್ಟಿದ್ದಾಳೆ.