18,000 ಏನು?

ಐದು ವರ್ಷ ಹಿಂದಿನ ಮಾತು. ಬೆಂಗಳೂರಿನ ಒಂದು ಆಫೀಸಿನ ಸರ್ವರ್ ರೂಮಿಗೆ ನಾನು ಹಾಕಿದ ಲೆಕ್ಕದ ಪ್ರಕಾರ ಎಸಿ ಹಾಕಿದ್ದೆವು. ಆ ರಾತ್ರಿ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ರೂಮಿನಿಂದ ಎಷ್ಟು ಬಿಸಿ ತೆಗೆಯಬೇಕು ಅಂತ ಬರೆಯುವ ಹೀಟ್ ಲೋಡ್ ಶೀಟಿನ ಕೊನೆಯ ಸಾಲಿನಲ್ಲಿ 18,000 ಅಂತಿತ್ತು. ಯೂನಿಟ್ ಇರಲಿಲ್ಲ. ದಿನಾ ಬಿಟಿಯು (ಬಿಸಿ ಅಳೆಯುವ ಒಂದು ಯೂನಿಟ್) ನೋಡುವ ನಾನು ಅದನ್ನೂ ಬಿಟಿಯು ಅಂದುಕೊಂಡೆ. ಗಂಟೆಗೆ 12,000 ಬಿಟಿಯು ಬಿಸಿ ಎತ್ತಿದರೆ ಅದು ಒಂದು ಟನ್ ಎಸಿ. ಸರಿ, ಒಂದೂವರೆ ಟನ್ನಿನ ಎರಡು ಸ್ಪ್ಲಿಟ್ ಬರೆದೆ. ಒಂದು ಓಡಲು, ಒಂದು ಸ್ಟ್ಯಾಂಡ್‌ಬೈ.

ಫಿಟ್ಟಿಂಗ್ ದಿನ ಮೆಕ್ಯಾನಿಕ್ ಅಣ್ಣ ರ‍್ಯಾಕ್‌ಗಳನ್ನು ನೋಡಿ, "ಸಾರ್, ಇದು ಸಾಲಲ್ಲ ಅನ್ಸುತ್ತೆ" ಅಂದರು. "ಲೆಕ್ಕ ಹಾಕಿದೀನಿ ಅಣ್ಣ, ನೀವು ಹಾಕಿ" ಅಂದುಬಿಟ್ಟೆ.

ರಾತ್ರಿ ಹತ್ತಕ್ಕೆ ಸರ್ವರ್ ಆನ್ ಮಾಡಿದರು. ಆಗ 22 ಡಿಗ್ರಿ. ಹತ್ತೇ ನಿಮಿಷಕ್ಕೆ 26. ಸ್ಟ್ಯಾಂಡ್‌ಬೈ ಕೂಡ ಹಾಕಿದೆ. ಸ್ವಲ್ಪ ಹೊತ್ತು ನಿಂತ ಹಾಗೆ ಕಂಡು ಮತ್ತೆ ಏರಿತು. 29. ಗ್ಯಾಸ್ ಕಮ್ಮಿ ಇರಬೇಕು ಅಂತ ಗೇಜ್ ಹಾಕಿಸಿದೆ. ಪ್ರೆಶರ್ ಸರಿಯಾಗೇ ಇತ್ತು. ಫಿಲ್ಟರ್ ಬಿಚ್ಚಿಸಿದೆ. 33. ಬಾಗಿಲು ತೆಗೆದು ಪೆಡೆಸ್ಟಲ್ ಫ್ಯಾನ್ ಇಟ್ಟೆವು. ಅರ್ಧ ಗಂಟೆ ಮೆಷಿನ್ ಮೇಲೇ ಅನುಮಾನ. ನನ್ನ ಲೆಕ್ಕದ ಮೇಲೆ ಒಂದು ಸಲವೂ ಬರಲಿಲ್ಲ.

ಅಣ್ಣ ನನ್ನನ್ನು ಸರ್ವರಿಗೆ ಕರೆಂಟ್ ಕೊಡುವ ಯುಪಿಎಸ್ ಹತ್ತಿರ ಕರೆದುಕೊಂಡು ಹೋಗಿ, "ಇದನ್ನ ನೋಡಿ ಸಾರ್" ಅಂದರು. ಔಟ್‌ಪುಟ್ 19 ಕಿಲೋವ್ಯಾಟ್. ಸರ್ವರಿಗೆ ಹೋದ ಕರೆಂಟೆಲ್ಲ ಬಿಸಿಯಾಗಿ ಅದೇ ರೂಮಿಗೆ ಬರುತ್ತದೆ, ಅಲ್ವಾ? ಒಂದು ಟನ್ ಎತ್ತುವುದು 3.517 ಕಿಲೋವ್ಯಾಟ್ ಬಿಸಿ. ಅಂದರೆ ಸುಮಾರು ಐದೂವರೆ ಟನ್ ಬೇಕು. ನನ್ನ ಎರಡೂ ಸೇರಿ ಮೂರು. ಶೀಟಿನ ಆ 18,000 ಬಿಟಿಯು ಅಲ್ಲ, ಕಿಲೋಕ್ಯಾಲರಿ, ಅದೂ ಒಂದು ಗಂಟೆಗೆ. ಒಂದು ಟನ್ನಿಗೆ ಗಂಟೆಗೆ 3,024 ಕಿಲೋಕ್ಯಾಲರಿ, ಅದರಿಂದ ಭಾಗಿಸಿದ್ದರೆ ಸುಮಾರು ಆರು ಟನ್ ಬರುತ್ತಿತ್ತು. ಒಂದು ಕಿಲೋಕ್ಯಾಲರಿ ಅಂದರೆ ಸುಮಾರು ನಾಲ್ಕು ಬಿಟಿಯು. ನಾಲ್ಕು ಪಟ್ಟು ತಪ್ಪು!

ಹೊಸ ಹುಡುಗರಿಗೆ ಇನ್ನೊಂದು ಮಾತು. ಎಸಿಯ ಪ್ಲೇಟಿನಲ್ಲಿ ಎರಡು ವ್ಯಾಟ್ ಲೆಕ್ಕ ಇರುತ್ತವೆ, ಒಂದು ಕೂಲಿಂಗ್, ಇನ್ನೊಂದು ಇನ್‌ಪುಟ್. ಇನ್‌ಪುಟ್ ಅಂದರೆ ಅದು ತಿನ್ನುವ ಕರೆಂಟ್, ಕೂಲಿಂಗ್ ಅಲ್ಲ. ಅದನ್ನು ಟನ್ನಿಗೆ ತಿರುಗಿಸಲು ಹೋಗಬೇಡಿ.

ಮಧ್ಯರಾತ್ರಿ ಕ್ಲೈಂಟಿನ ಐಟಿಯವರನ್ನು ಕೇಳಿಕೊಂಡು ಅರ್ಧ ಸರ್ವರ್ ಆಫ್ ಮಾಡಿಸಿದೆ. ತಪ್ಪು ನನ್ನದು ಅಂತ ಅವರಿಗೂ ಹೇಳಿದೆ, ಅಣ್ಣನಿಗೂ ಹೇಳಿದೆ. ಆಮೇಲೆ ಏಳೂವರೆ ಟನ್ನಿನ ಎರಡು ಡಕ್ಟಬಲ್ ಎಸಿ (ಡಕ್ಟಿನ ಮೂಲಕ ಗಾಳಿ ಕಳಿಸುವಂಥವು) ಬಂದವು.

ಯೂನಿಟ್ ಇಲ್ಲದ ಶೀಟುಗಳು ಈಗಲೂ ಬರುತ್ತವೆ. ಎಷ್ಟು ಸಲ ಹೇಳಿದರೂ ಮ್ಯಾನೇಜ್‌ಮೆಂಟ್ ಆ ಎಕ್ಸೆಲ್ ಬದಲಾಯಿಸಿಲ್ಲ. ನಾನು ಶೀಟ್ ಮಾಡಿದವರಿಗೆ ಫೋನ್ ಮಾಡಿ ಕೇಳುವ ತನಕ ಆರ್ಡರ್ ಹಾಕಲ್ಲ. ಲೇಟಾಗುತ್ತೆ ಅಂತ ಬೈತಾರೆ.