ಟೈಮೌಟ್ ನುಂಗಿದ ಸ್ಕ್ರಿಪ್ಟು

ರಿಲೀಸ್ ಮೀಟಿಂಗ್. ಪರದೆ ಮೇಲೆ ಗ್ರಾಫು: ಪ್ರೂವರ್‌ನ (ತರ್ಕದ ಸೂತ್ರ ಸರಿಯೇ ಎಂದು ತಾನೇ ಸಾಧಿಸುವ ಪ್ರೋಗ್ರಾಮ್) ಹೊಸ ಬಿಲ್ಡ್ ಹಳೆಯದಕ್ಕಿಂತ ಎಷ್ಟೋ ಚುರುಕು. ಮ್ಯಾನೇಜರ್ ಮುಖ ಅರಳಿತ್ತು. ಮೂಲೆಯಲ್ಲಿದ್ದ ಸೀನಿಯರ್ ಮೇಡಂ ಕೇಳಿದ್ದು ಒಂದೇ ಮಾತು: "ಎರಡೂ ಸಿಎಸ್‌ವಿಯಲ್ಲಿ ಎಷ್ಟೆಷ್ಟು ಸಾಲಿದೆ?" ಫೈಲಿಗೊಂದು ಸಾಲಿನಂತೆ ಫಲಿತಾಂಶ ಬರೆದಿಡುವ ಪಟ್ಟಿ ಅದು; ಎಣಿಸಿದರೆ ಹೊಸದರಲ್ಲಿ ಕಮ್ಮಿ. ಆಮೇಲೆ ಐದು ನಿಮಿಷ ಎಸಿ ಸದ್ದೊಂದೇ.

ಟೈಮೌಟ್ ಆದ, ಅಂದರೆ ಮಿತಿಯೊಳಗೆ ಮುಗಿಯದ, ಫೈಲುಗಳನ್ನು ಸರಾಸರಿ ಹಾಕುವ ಸ್ಕ್ರಿಪ್ಟು ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು. "ಸಾಲ್ವ್ ಆದವುಗಳ ಸರಾಸರಿ ಸಾಕು" ಎಂದು ಆ ಸಾಲು ಬರೆದದ್ದು ನಾನೇ. ಹಳೇ ಬಿಲ್ಡ್ ಮೂರು ಫೈಲುಗಳನ್ನು 2, 4, 900 ಸೆಕೆಂಡಿಗೆ ಮುಗಿಸಿತು ಅನ್ನಿ; ಸರಾಸರಿ 302. ಹೊಸದು ಮೊದಲೆರಡನ್ನು ಅಷ್ಟೇ ಹೊತ್ತಿಗೆ ಮುಗಿಸಿ ಮೂರನೆಯದರಲ್ಲಿ 1200ರ ಮಿತಿಗೆ ಬಡಿದು ಬಿದ್ದರೆ, ಆ ಲೆಕ್ಕದಲ್ಲಿ ಸರಾಸರಿ 3! ಟೈಮೌಟಿಗೆ ಮಿತಿಯ ಎರಡರಷ್ಟು ದಂಡ ಹಾಕುವ ಪಾರ್-2 ಲೆಕ್ಕದಲ್ಲಿ 2400 ಬೀಳುತ್ತದೆ, ಸರಾಸರಿ 802. ಅಸಲು ಚಿತ್ರ ಅದು.

ಇದಕ್ಕಿಂತ ಕಳ್ಳ ಇನ್ನೊಬ್ಬನಿದ್ದಾನೆ: 'ಅನ್‌ನೋನ್', ಅಂದರೆ 'ಗೊತ್ತಿಲ್ಲ' ಎಂಬ ಉತ್ತರ. ಕ್ವಾಂಟಿಫೈಯರ್ ('ಎಲ್ಲಕ್ಕೂ', 'ಯಾವುದೋ ಒಂದಕ್ಕೆ' ಎನ್ನುವ ಮಾತು) ಇರುವ ಗೋಲ್‌ನಲ್ಲಿ (ಸಾಧಿಸಬೇಕಾದ ಸೂತ್ರ) ಪ್ರೂವರ್ ಒಳಗಿನ ಸಾಲ್ವರ್ ಬೇಗ ಕೈಚೆಲ್ಲಿ 'ಅನ್‌ನೋನ್' ಎಂದರೆ ಎಕ್ಸಿಟ್ ಕೋಡ್ ಸೊನ್ನೆ (ತಪ್ಪಿಲ್ಲದೆ ಮುಗಿಯಿತು ಎಂಬ ಗುರುತು), ಸಮಯವೂ ಚಿಲ್ಲರೆ. ಉತ್ತರ ನೋಡದೆ ಬರೀ ಗಡಿಯಾರ ನೋಡುವ ಸ್ಕ್ರಿಪ್ಟಿಗೆ ಅದು ಭರ್ಜರಿ ಸುಧಾರಣೆ. ಹಾಗಾಗಿ ಮೊದಲು ಎರಡು ಬಿಲ್ಡ್‌ಗಳ ಫಲಿತಾಂಶದ ಡಿಫ್ (ವ್ಯತ್ಯಾಸ), ಆಮೇಲೆ ಸಮಯದ ಮಾತು.

ಝಡ್3 ಎಂಬ ಸಾಲ್ವರ್‌ನಲ್ಲಿ ಸಮಯದ ಮಿತಿ ಹಾಕುವಾಗಲೂ ಹುಷಾರು. ದೊಡ್ಡ 'ಟಿ' ಫ್ಲ್ಯಾಗಿಗೆ ಸೆಕೆಂಡು, ಸಣ್ಣ 'ಟಿ'ಗೆ ಮಿಲಿಸೆಕೆಂಡು. 1200 ಎಂದು ಸಣ್ಣದಕ್ಕೆ ಕೊಟ್ಟು ಎಲ್ಲವೂ ಉದುರಿಹೋಯಿತೆಂದು ಬಗ್ ಫೈಲ್ ಮಾಡಿದವರನ್ನು ಕಂಡಿದ್ದೇವೆ.

ಒಂದೇ ಬೈನರಿ, ಒಂದೇ ಫೈಲು, ಒಂದೇ ಸೀಡು (ಸಾಲ್ವರ್‌ನ ಯಾದೃಚ್ಛಿಕ ಆಯ್ಕೆಗಳ ಆರಂಭದ ಸಂಖ್ಯೆ), ಆದರೂ ಸಮಯ ಕುಣಿಯುತ್ತಿದೆಯೇ? ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಆರ್‌ಲಿಮಿಟ್ ಎಣಿಕೆ, ಅಂದರೆ ಸಾಲ್ವರ್ ಎಷ್ಟು ಕೆಲಸ ಮಾಡಿತೆಂಬ ಲೆಕ್ಕ, ನೋಡಿ. ಎಣಿಕೆ ಅಷ್ಟೇ ಇದ್ದು ಸೆಕೆಂಡು ಮಾತ್ರ ಬದಲಾದರೆ ತಪ್ಪು ಯಂತ್ರದ್ದು: ಹೈಪರ್‌ಥ್ರೆಡಿಂಗ್‌ನಲ್ಲಿ ಎರಡು ರನ್ ಒಂದೇ ಕೋರ್ ಹಂಚಿಕೊಂಡಿರುತ್ತವೆ, ಟರ್ಬೋ (ಪ್ರೊಸೆಸರ್ ವೇಗ) ಏರಿಳಿಯುತ್ತಿರುತ್ತದೆ, ಇಲ್ಲವೇ ಅಕ್ಕಪಕ್ಕದ ರನ್‌ಗಳು ಕೋರ್‌ಗಳು ಹಂಚಿಕೊಳ್ಳುವ ಎಲ್3 ಕ್ಯಾಶ್‌ಗೆ ಕಿತ್ತಾಡುತ್ತಿರುತ್ತವೆ. ಬೆಂಚ್‌ಎಕ್ಸೆಕ್ ಎಂಬ ಅಳತೆಯ ಟೂಲ್‌ನಲ್ಲಿ ರನ್‌ಗೊಂದು ಕೋರ್ ಕಟ್ಟಿ, ಮೆಮೊರಿ ಮಿತಿ ಹಾಕಿ, ಸಿಪಿಯು ಟೈಮ್ ಅಳೆದರೆ ಬಹುಪಾಲು ಗಲಾಟೆ ಅಡಗುತ್ತದೆ. ಬೇರೆ ಬೇರೆ ವರ್ಷನ್‌ಗಳ ಆರ್‌ಲಿಮಿಟ್ ಮಾತ್ರ ಹೋಲಿಸಬೇಡಿ. ಒಳಗೆ ಏನನ್ನು ಎಣಿಸುತ್ತಾರೆ ಎಂಬುದೇ ಬದಲಾಗಿರಬಹುದು.

ಯಂತ್ರ ಸುಮ್ಮನಾದರೂ ಸಾಲ್ವರ್ ಸುಮ್ಮನಿರುವುದಿಲ್ಲ. ಒಂದು ವೇರಿಯಬಲ್ ಹೆಸರು ಬದಲಿಸಿ, ಎರಡು ಅಸರ್ಷನ್ (ಸಾಲ್ವರ್‌ಗೆ ಕೊಡುವ ಷರತ್ತು) ಹಿಂದುಮುಂದು ಮಾಡಿ, 3 ಸೆಕೆಂಡಿನ ಪ್ರೂಫ್ ಟೈಮೌಟ್ ಆದೀತು. ಅದಕ್ಕೇ ಝಡ್3 ಒಳಗಿನ ಸ್ಯಾಟ್ ಮತ್ತು ಎಸ್‌ಎಂಟಿ ಭಾಗಗಳೆರಡರ ರ್‍ಯಾಂಡಮ್ ಸೀಡನ್ನೂ ಬದಲಿಸುತ್ತ ಪ್ರತಿ ಫೈಲನ್ನೂ ಹತ್ತು ಸಲ ಓಡಿಸುವುದು. ಹತ್ತರಲ್ಲಿ ಆರು ಪಾಸಾದ ಪ್ರೂಫನ್ನು ಬೇಸ್‌ಲೈನಿಗೆ (ಹೋಲಿಕೆಯ ಮೂಲಪಟ್ಟಿ) ಸೇರಿಸಬೇಡಿ. ನೈಟ್ಲಿ (ರಾತ್ರಿ ತಾನೇ ಓಡುವ ಪರೀಕ್ಷೆ) ಕೆಂಪಾದ ದಿನ ಯಾರ ಕಮಿಟ್ ಕೊನೆಯದೋ ಅವರ ತಲೆಗೆ ಬರುತ್ತದೆ, ಪಾಪ ಅವರು ಬರೀ ಕಾಮೆಂಟ್ ತಿದ್ದಿರುತ್ತಾರೆ.

ಸ್ಕ್ರಿಪ್ಟು ಅವತ್ತು ಸಂಜೆಯೇ ಸರಿಯಾಯಿತು. ಡ್ಯಾಶ್‌ಬೋರ್ಡಿನಲ್ಲಿ ಈಗಲೂ ಒಂದೇ ಅಂಕಿ. ಪಕ್ಕದಲ್ಲಿ ಟೈಮೌಟ್ ಎಣಿಕೆಯ ಕಾಲಂ ಹಾಕಿ ಎಂದು ತೆರೆದ ಟಿಕೆಟ್ 'ಲೋ ಪ್ರಯಾರಿಟಿ'ಯಲ್ಲಿ ಮಲಗಿದೆ.